ಕಾರಿನ ಗಾಜಿಗೆ ಒಳಗಿನಿಂದ ಮಂಜು ಹಿಡಿಯುತ್ತಿದೆಯಾ? ನೀರಿನ ಮೂಲ ಹುಡುಕಿ ನಿಲ್ಲಿಸುವ ಬಗೆ

ಬೆಳಗ್ಗೆ ಬಾಗಿಲು ತೆಗೆದು ಕಾರಿನಲ್ಲಿ ಕೂತಿರಿ. ಮುಂದಿನ ಗಾಜು ಪೂರ್ತಿ ಬೆಳ್ಳಗಾಗಿದೆ. ವೈಪರ್ ಹಾಕಿದರೂ ಹಾಗೇ ಇದೆ. ಬೆರಳಿನಿಂದ ಗೆರೆ ಎಳೆದರೆ ಗೆರೆ ಮೂಡುತ್ತದೆ, ಬೆರಳು ಒದ್ದೆಯಾಗುತ್ತದೆ. ಅಂದರೆ ಮಂಜು ಕೂತಿರುವುದು ಒಳಗಡೆ. ರಾತ್ರಿಯಿಡೀ ಕಾರಿನಲ್ಲಿ ಯಾರೂ ಇರಲಿಲ್ಲ, ಉಸಿರಾಡಿದವರೂ ಇಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂತು?

ಈ ಪ್ರಶ್ನೆ ಹಿಡಿದು ಹೊರಟರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ನಾವು ಸಾಮಾನ್ಯವಾಗಿ ಗಾಜು ಒರೆಸುತ್ತೇವೆ, ಸ್ಪ್ರೇ ಹೊಡೆಯುತ್ತೇವೆ, ಡ್ಯಾಶ್‌ಬೋರ್ಡ್ ಮೇಲೆ ತೇವ ಹೀರುವ ಚೀಲ ತಂದಿಡುತ್ತೇವೆ. ನಾನೂ ಮೂರು ತಿಂಗಳು ಅದನ್ನೇ ಮಾಡಿದೆ. ಆ ಕಥೆ ಮುಂದೆ ಬರುತ್ತದೆ.

ಈಗಲೇ ರಸ್ತೆಯಲ್ಲಿದ್ದರೆ ಮೊದಲು ಇಷ್ಟು ಮಾಡಿ

ಎಸಿ ಹಾಕಿ. ರೀಸರ್ಕ್ಯುಲೇಷನ್ ಬಟನ್ ಆಫ್ ಮಾಡಿ, ಹೊರಗಿನ ಗಾಳಿ ಒಳಗೆ ಬರಲಿ. ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಬಿಸಿ ಸ್ವಲ್ಪ ಏರಿಸಿ. ಹಿಂದಿನ ಗಾಜನ್ನು ಬಿಸಿ ಮಾಡಿ ಮಂಜು ಕರಗಿಸುವ ಡಿಫಾಗರ್ ಬಟನ್ ಒತ್ತಿ. ಕಿಟಕಿ ಒಂದೆರಡು ಬೆರಳಷ್ಟು ಇಳಿಸಿ.

ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕುವುದು ತುಂಬಾ ಜನಕ್ಕೆ ವಿಚಿತ್ರ ಅನ್ನಿಸುತ್ತದೆ. ಕಾರಣ ಸರಳವಾಗಿದೆ. ಎಸಿಯ ತಣ್ಣನೆಯ ಕಾಯಿಲ್ ಮೇಲೆ ಹಾದು ಹೋಗುವಾಗ ಗಾಳಿಯಲ್ಲಿರುವ ನೀರು ಅಲ್ಲೇ ಹನಿಯಾಗಿ ಇಳಿಯುತ್ತದೆ, ಪೈಪಿನಿಂದ ಕಾರಿನ ಕೆಳಗೆ ಹೋಗುತ್ತದೆ. ಹೀಗೆ ಒಣಗಿದ ಗಾಳಿಯನ್ನು ಹೀಟರ್ ಬಿಸಿ ಮಾಡುತ್ತದೆ. ಒಣಗಿದ ಬಿಸಿ ಗಾಳಿ ಗಾಜಿನ ನೀರನ್ನು ಬೇಗ ಹೀರುತ್ತದೆ. ಹೀಟರ್ ಒಂದನ್ನೇ ಹಾಕಿದರೂ ಗಾಜು ತಿಳಿಯಾಗಬಹುದು, ಆದರೆ ಜಾಸ್ತಿ ಹೊತ್ತು ಬೇಕು. ಹೊರಗೆ ಸೊನ್ನೆ ಡಿಗ್ರಿಯ ಹತ್ತಿರ ಚಳಿ ಇದ್ದರೆ ಅನೇಕ ಕಾರುಗಳಲ್ಲಿ ಎಸಿಯ ಕಂಪ್ರೆಸರ್ ಓಡುವುದೇ ಇಲ್ಲ, ಅಂದರೆ ಎಸಿ ಕೆಲಸ ಮಾಡುವುದಿಲ್ಲ. ಆಗ ಹೊರಗಿನ ಗಾಳಿ ಮತ್ತು ಹೀಟರ್ ಎರಡೇ ಗತಿ.

ಒಂದು ವಿಷಯ. ವೈಪರ್ ಹಾಕಿದ ತಕ್ಷಣ ಮಂಜು ಹೋದರೆ ಅದು ಗಾಜಿನ ಹೊರಗಡೆ ಇದೆ. ಹೊರಗೆ ಸೆಕೆ ಮತ್ತು ತೇವ ಎರಡೂ ಇದ್ದು, ಎಸಿಯ ಗಾಳಿ ನೇರವಾಗಿ ಗಾಜಿಗೆ ಬಡಿಯುತ್ತಿದ್ದರೆ ಹೀಗಾಗುತ್ತದೆ. ತಣ್ಣನೆಯ ಲೋಟದ ಹೊರಮೈ ಬೆವರಿದ ಹಾಗೆ. ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ, ಎಸಿಯ ಉಷ್ಣತೆ ಒಂದೆರಡು ಡಿಗ್ರಿ ಏರಿಸಿ. ಇದು ಕಾಯಿಲೆ ಅಲ್ಲ, ನೀವು ಮುಂದೆ ಓದಬೇಕಾಗಿಯೂ ಇಲ್ಲ.

ಎಷ್ಟು ನೀರು, ಎಲ್ಲಿಂದ

ಗಾಳಿ ಬಿಸಿಯಿದ್ದಷ್ಟೂ ಜಾಸ್ತಿ ಆವಿ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ಹಿಡಿಸುತ್ತದೆ, 10 ಡಿಗ್ರಿಗೆ ಇಳಿದರೆ 9 ಗ್ರಾಂ ಅಷ್ಟೇ. ಉಳಿದದ್ದು ಎಲ್ಲಾದರೂ ಕೂರಲೇಬೇಕು. ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ತಣ್ಣಗಾಗುವುದು ಗಾಜು, ಹಾಗಾಗಿ ಅಲ್ಲೇ ಕೂರುತ್ತದೆ.

ಈಗ ಒಂದು ಲೆಕ್ಕ ನೋಡಿ. ಸಾಧಾರಣ ಕಾರಿನ ಒಳಗೆ ಸುಮಾರು 3 ಘನ ಮೀಟರ್ ಗಾಳಿ ಇರುತ್ತದೆ. 20 ಡಿಗ್ರಿಯಲ್ಲಿ ಅಷ್ಟೂ ಗಾಳಿಗೆ ಹಿಡಿಸುವುದು 50 ಗ್ರಾಂ ಚಿಲ್ಲರೆ ನೀರು. ಸುಮ್ನೆ ಕೂತ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಹತ್ತಿರ ಹತ್ತಿರ 40 ಗ್ರಾಂ ನೀರು ಬಿಡುತ್ತಾನೆ. ನಾಲ್ಕು ಜನ ಕಿಟಕಿ ಮುಚ್ಚಿ, ರೀಸರ್ಕ್ಯುಲೇಷನ್ ಹಾಕಿಕೊಂಡು ಹೊರಟರೆ ಅರ್ಧ ಗಂಟೆಯೊಳಗೆ ಗಾಳಿಗೆ ಇನ್ನು ಜಾಗವಿಲ್ಲ. ಆಗ ಗಾಜು ಮಸುಕಾದರೆ ಅದು ಸಹಜ. ಕಾರಿಗೆ ಏನೂ ಆಗಿಲ್ಲ, ಬಟನ್ ಸರಿ ಮಾಡಿದರೆ ಸಾಕು.

ಆದರೆ ಕಾರ್ಪೆಟ್ ಕೆಳಗಿನ ಫೋಮ್ ಒದ್ದೆಯಾಗಿದ್ದರೆ ಕಥೆಯೇ ಬೇರೆ. ಆ ಫೋಮ್ ಲೀಟರ್‌ಗಟ್ಟಲೆ ನೀರು ಕುಡಿದು ಸುಮ್ಮನಿರುತ್ತದೆ. ಹಗಲು ಕಾರು ಕಾದಾಗ ಆವಿ ಬಿಡುತ್ತದೆ, ರಾತ್ರಿ ಗಾಜು ತಣ್ಣಗಾದಾಗ ಅದೇ ಆವಿ ಗಾಜಿಗೆ ಅಂಟುತ್ತದೆ. ನೀವು ಒರೆಸುತ್ತೀರಿ, ಮಾರನೇ ದಿನ ಮತ್ತೆ ಅಷ್ಟೇ.

ಮೊದಲ ಹೆಜ್ಜೆ: ಮಂಜು ಯಾವಾಗ ಬರುತ್ತದೆ?

ಯಾವ ಸಾಮಾನೂ ಬೇಡ, ನಾಲ್ಕೈದು ದಿನ ಗಮನವಿಟ್ಟು ನೋಡಿದರೆ ಸಾಕು. ಅದಕ್ಕೂ ಮುಂಚೆ ಒದ್ದೆ ಛತ್ರಿ, ಒದ್ದೆ ಶೂ, ಜಿಮ್ ಚೀಲ, ನೀರು ನಿಂತ ರಬ್ಬರ್ ಮ್ಯಾಟ್ ಎಲ್ಲ ಹೊರಗೆ ಹಾಕಿ. ಎಷ್ಟೋ ಸಲ ಕೇಸು ಅಲ್ಲಿಗೇ ಮುಗಿಯುತ್ತದೆ.

ಜನ ಕೂತಾಗ ಮಾತ್ರ ಬಂದರೆ ಉಸಿರಿನ ಆವಿ ಹೊರಗೆ ಹೋಗುತ್ತಿಲ್ಲ ಎಂದರ್ಥ. ರೀಸರ್ಕ್ಯುಲೇಷನ್ ನೋಡಿ, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಡಿಕ್ಕಿಯ ಬದಿಯಲ್ಲಿ ಅಥವಾ ಹಿಂದಿನ ಬಂಪರಿನ ಒಳಗೆ ರಬ್ಬರ್ ರೆಕ್ಕೆಗಳಿರುವ ಗಾಳಿಕಿಂಡಿ ಇರುತ್ತದೆ, ಅದನ್ನೂ ನೋಡಿ. ಒಳಗಿನ ಗಾಳಿ ಹೊರಗೆ ಹೋಗುವ ದಾರಿ ಅದೇ. ಅದಕ್ಕೆ ಒತ್ತಿ ಸಾಮಾನು ತುಂಬಿದ್ದರೆ ಬ್ಲೋವರ್ ಎಷ್ಟು ಜೋರು ಮಾಡಿದರೂ ಗಾಳಿ ಆಡುವುದಿಲ್ಲ.

ಎಸಿ ಆಫ್ ಮಾಡಿದ ಒಂದೆರಡು ನಿಮಿಷಕ್ಕೆ ಗಾಜು ಮಸುಕಾದರೆ ಕಾಯಿಲ್ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಬರುತ್ತಿದೆ. ತೇವದ ದಿನಗಳಲ್ಲಿ ಎಸಿ ಹಾಕಿಯೇ ಇಡಿ, ತಂಪು ಜಾಸ್ತಿಯಾದರೆ ಬಿಸಿ ಬೆರೆಸಿ.

ಹೀಟರ್ ಹಾಕಿದಾಗ ಮಾತ್ರ ಬಂದು, ಒರೆಸಿದರೆ ಎಣ್ಣೆ ಸವರಿದ ಹಾಗೆ ಜಿಡ್ಡಾಗಿ, ಒಳಗೆ ಸಿಹಿ ವಾಸನೆ ಇದ್ದರೆ ಹುಷಾರು. ಡ್ಯಾಶ್‌ಬೋರ್ಡ್ ಒಳಗಿರುವ ಹೀಟರ್ ಕೋರ್ (ಗಾಳಿ ಬಿಸಿ ಮಾಡುವ ಚಿಕ್ಕ ರೇಡಿಯೇಟರ್) ಸೋರಿ, ಎಂಜಿನ್ ತಂಪು ಮಾಡುವ ದ್ರವವಾದ ಕೂಲಂಟ್ ಆವಿಯಾಗುತ್ತಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಮಟ್ಟ ಗುರುತು ಹಾಕಿ ಒಂದು ವಾರ ನೋಡಿ. ಇಳಿಯುತ್ತಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ. ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಇಥಿಲೀನ್ ಗ್ಲೈಕಾಲ್ ವಿಷ. ಮಕ್ಕಳು, ನಾಯಿ, ಬೆಕ್ಕು ಮುಟ್ಟದ ಹಾಗೆ ನೋಡಿಕೊಳ್ಳಿ.

ಖಾಲಿ ಕಾರಿನಲ್ಲಿ ರಾತ್ರಿ ಕಳೆದ ಮೇಲೆ, ಅದೂ ಪದೇ ಪದೇ ಬಂದರೆ ಒಳಗೆಲ್ಲೋ ನೀರು ನಿಂತಿದೆ. ಈ ಲೇಖನದ ಉಳಿದ ಭಾಗ ಮುಖ್ಯವಾಗಿ ಅಂಥವರಿಗೆ.

ಎರಡನೇ ಹೆಜ್ಜೆ: ಕಾರ್ಪೆಟ್ ಮೇಲೆ ಮಂಡಿ ಊರಿ

ಕೈಯಿಂದ ಸವರಿ ನೋಡಿದರೆ ಮೋಸ ಹೋಗುತ್ತೀರಿ. ಮೇಲಿನ ಬಟ್ಟೆ ಬೇಗ ಒಣಗುತ್ತದೆ, ಒಳಗಿನ ಫೋಮ್ ಒಣಗುವುದಿಲ್ಲ. ಮ್ಯಾಟ್ ತೆಗೆದು, ಬಿಳಿ ಟಿಶ್ಯೂ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಾರ್ಪೆಟ್ ಮೇಲಿಟ್ಟು, ಅದರ ಮೇಲೆ ಮಂಡಿ ಊರಿ ಹತ್ತು ಸೆಕೆಂಡ್ ಮೈಭಾರ ಬಿಡಿ. ನಾಲ್ಕೂ ಕಾಲಿಡುವ ಜಾಗದಲ್ಲಿ ಹೀಗೆ ಮಾಡಿ. ಸೀಟಿನ ಕೆಳಗೂ ಕೈ ಹಾಕಿ. ಡಿಕ್ಕಿಯ ಹಾಸು ಎತ್ತಿ, ಸ್ಟೆಪ್ನಿ ತೆಗೆದು ಆ ಗುಂಡಿಯನ್ನೂ ನೋಡಿ. ಅಲ್ಲಿ ನೀರು ನಿಂತಿರುವುದು ತಿಂಗಳುಗಟ್ಟಲೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಟಿಶ್ಯೂ ಒದ್ದೆಯಾದರೆ ಅದರ ಬಣ್ಣ ನೋಡಿ, ಮೂಸಿ ನೋಡಿ, ನಾಲಿಗೆಗೆ ಮಾತ್ರ ತಾಗಿಸಬೇಡಿ. ಮಣ್ಣಿನ ಬಣ್ಣವಿದ್ದರೆ ಹೊರಗಿನ ನೀರು. ತಿಳಿಯಾಗಿದ್ದರೆ ಎಸಿಯ ನೀರು ಇರಬಹುದು. ಜಾರುವ ಹಾಗಿದ್ದು ಬಣ್ಣವಿದ್ದರೆ ಕೂಲಂಟ್.

ಅನುಮಾನ ಉಳಿದರೆ ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಕಾರ್ಪೆಟ್ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಾಕಿ. ಕಾರನ್ನು ಒಂದು ದಿನ ಬಿಸಿಲಲ್ಲಿ ಬಿಡಿ. ಹಾಳೆಯ ತಳದಲ್ಲಿ ಹನಿ ಕಂಡರೆ ಫೋಮ್ ಒದ್ದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಮೂರನೇ ಹೆಜ್ಜೆ: ನೀರು ನುಗ್ಗುವ ದಾರಿ

ಮಳೆಯೇ ಇಲ್ಲ, ಕಾರು ತೊಳೆದೂ ಇಲ್ಲ, ಆದರೂ ಮುಂದೆ ಕಾಲಿಡುವ ಜಾಗ ಒದ್ದೆ. ಹಾಗಿದ್ದರೆ ಮೊದಲ ಅನುಮಾನ ಎಸಿಯ ನೀರು ಹೋಗುವ ಪೈಪಿನ ಮೇಲೆ. ತೇವದ ದಿನ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಎಸಿ ಓಡಿಸಿ, ಕೆಳಗೆ ಬಗ್ಗಿ ನೋಡಿ. ಹನಿ ಬೀಳುತ್ತಿರಬೇಕು. ಬೀಳದಿದ್ದರೆ ಪೈಪ್ ಕಟ್ಟಿಕೊಂಡಿದೆ, ನೀರು ಹಿಂದಕ್ಕೆ ತುಂಬಿ ಡ್ಯಾಶ್‌ಬೋರ್ಡ್ ಕೆಳಗಿನಿಂದ ಕಾರ್ಪೆಟ್‌ಗೆ ಇಳಿಯುತ್ತಿದೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ಒಂದು ಗಿಡ್ಡ ರಬ್ಬರ್ ಮೂತಿ ಇರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಅದರೊಳಗೆ ಮೆತ್ತನೆ ನೈಲಾನ್ ದಾರ ತೂರಿಸಿ ಮೆಲ್ಲಗೆ ಆಡಿಸಿ. ತಂತಿ ಹಾಕಿ ಆಳಕ್ಕೆ ಚುಚ್ಚಿದರೆ ಕಾಯಿಲ್‌ನ ತೆಳು ಅಲ್ಯೂಮಿನಿಯಂ ತೂತಾಗುತ್ತದೆ. ಆಮೇಲೆ ಗ್ಯಾಸೂ ಹೋಯಿತು, ಕಾಯಿಲೂ ಹೋಯಿತು. ಕಸ ಬಿಟ್ಟ ತಕ್ಷಣ ನೀರು ಭುಸ್ಸೆಂದು ಮುಖಕ್ಕೇ ಬರುತ್ತದೆ, ಪಕ್ಕಕ್ಕೆ ಸರಿದು ನಿಲ್ಲಿ.

ಮಳೆಗೆ ಮಾತ್ರ ಒದ್ದೆಯಾಗುತ್ತಿದ್ದರೆ ಬಾನೆಟ್ ಎತ್ತಿ. ವೈಪರ್‌ಗಳ ಬುಡದಲ್ಲಿ ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಗಾಜಿನ ಮೇಲಿನ ನೀರೆಲ್ಲ ಅದರ ಕೆಳಗಿನ ತೊಟ್ಟಿಗೆ ಇಳಿದು ಎರಡೂ ತುದಿಯಿಂದ ಹೊರಗೆ ಹೋಗಬೇಕು. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಅಲ್ಲಿ ಎಲೆ ಕೊಳೆತು ಗೊಬ್ಬರವಾಗಿರುತ್ತದೆ. ಬ್ಲೋವರ್‌ಗೆ ಹೊರಗಿನ ಗಾಳಿ ಬರುವ ಬಾಯಿ ಇರುವುದೂ ಸಾಮಾನ್ಯವಾಗಿ ಅಲ್ಲೇ. ತೊಟ್ಟಿ ತುಂಬಿದರೆ ನೀರು ನೇರವಾಗಿ ಒಳಗೆ. ಕಸ ಕೈಯಿಂದಲೇ ಬಾಚಿ ತೆಗೆಯಿರಿ, ಆಮೇಲೆ ಒಂದು ಮಗ್ ನೀರು ಹುಯ್ದು ಎರಡೂ ಬದಿ ಕೆಳಗೆ ಸುರಿಯುತ್ತಿದೆಯಾ ಎಂದು ನೋಡಿ.

ಸನ್‌ರೂಫ್ ಇದ್ದರೆ ಅದನ್ನು ತೆರೆದು, ಚೌಕಟ್ಟಿನ ಮೂಲೆಗಳಲ್ಲಿರುವ ಚಿಕ್ಕ ತೂತಿಗೆ ಅರ್ಧ ಲೋಟ ನೀರು ನಿಧಾನಕ್ಕೆ ಬಿಡಿ. ಚಕ್ರದ ಹತ್ತಿರ ಎಲ್ಲಾದರೂ ಹೊರಗೆ ಬರಬೇಕು. ಸನ್‌ರೂಫ್‌ನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯುವ ಹಾಗೆ ಮಾಡಿಯೂ ಇಲ್ಲ. ದಾಟಿ ಬಂದ ನೀರನ್ನು ಸಾಗಿಸುವುದು ಈ ಪೈಪುಗಳ ಕೆಲಸ. ಕಟ್ಟಿಕೊಂಡಿದ್ದರೆ ನೈಲಾನ್ ದಾರ ಬಳಸಿ. ಜೋರು ಗಾಳಿ ಹೊಡೆದರೆ ಚಾವಣಿಯ ಬಟ್ಟೆಯೊಳಗೆ ಪೈಪ್ ಕಳಚಿಕೊಳ್ಳಬಹುದು, ಅದು ಇನ್ನೂ ದೊಡ್ಡ ತಲೆನೋವು.

ಡಿಕ್ಕಿ ಒದ್ದೆಯಾಗಿದ್ದರೆ ಹಿಂದಿನ ಲೈಟುಗಳ ಸುತ್ತ ನೀರು ತಡೆಯುವ ಗ್ಯಾಸ್ಕೆಟ್, ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್, ಆ್ಯಂಟೆನಾ ಬುಡ, ಮೊದಲು ಹೇಳಿದ ಗಾಳಿಕಿಂಡಿಯ ಅಂಚು, ಇವಿಷ್ಟನ್ನು ನೋಡಿ. ರಬ್ಬರ್ ಸರಿಯಾಗಿ ಕೂರುತ್ತಿದೆಯಾ ಎಂದು ತಿಳಿಯಲು ಅದಕ್ಕೆ ಸೀಮೆಸುಣ್ಣ ಸವರಿ ಬಾಗಿಲು ಹಾಕಿ ತೆಗೆಯಿರಿ. ಎದುರಿನ ಲೋಹದ ಮೇಲೆ ಬಿಳಿ ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ಸಂದು ಇದೆ.

ಇನ್ನು ಬಾಗಿಲು. ಇಲ್ಲಿ ನನ್ನ ಕಥೆ.

ಒಂದು ಕಿಟಕಿಯ ಮೋಟರ್ ಕೆಟ್ಟಿತ್ತು, ಹಾಕಿಸಿಕೊಂಡು ಬಂದೆ. ಆಮೇಲಿನ ಮೊದಲ ಮಳೆಯಿಂದ ಬೆಳಗ್ಗೆ ಬೆಳಗ್ಗೆ ಗಾಜು ಬಿಳಿ. ಒಂದು ಗ್ಯಾರೇಜಿನಲ್ಲಿ ಎಸಿ ಗ್ಯಾಸ್ ಕಡಿಮೆ ಎಂದರು, ತುಂಬಿಸಿದೆ. ಇನ್ನೊಂದರಲ್ಲಿ ಫಿಲ್ಟರ್ ಎಂದರು, ಬದಲಾಯಿಸಿದೆ. ತೇವ ಹೀರುವ ಚೀಲ ಎರಡು ತಂದೆ. ಮೂರನೇ ತಿಂಗಳು ಸೀಟಿನ ಕೆಳಗೆ ಬಿದ್ದ ಪೆನ್ ಹುಡುಕಲು ಮಂಡಿ ಊರಿದೆ, ಎದ್ದು ನೋಡಿದರೆ ಪ್ಯಾಂಟ್ ಒದ್ದೆ. ಅಷ್ಟು ದಿನ ಒಬ್ಬರೂ ಮ್ಯಾಟ್ ಎತ್ತಿ ನೋಡಿರಲಿಲ್ಲ, ನಾನೂ ಸೇರಿ.

ವಿಷಯ ಏನೆಂದರೆ, ಕಿಟಕಿ ಗಾಜಿನ ಮೇಲೆ ಇಳಿಯುವ ಮಳೆನೀರು ಎಲ್ಲ ಕಾರಿನಲ್ಲೂ ಬಾಗಿಲಿನ ಒಳಗೆ ಹೋಗುತ್ತದೆ. ಹೋಗಿ ಬಾಗಿಲಿನ ತಳದ ತೂತುಗಳಿಂದ ಹೊರಗೆ ಬೀಳುತ್ತದೆ. ಆ ನೀರು ಕ್ಯಾಬಿನ್ ಕಡೆ ಬಾರದ ಹಾಗೆ ಡೋರ್ ಪ್ಯಾಡಿನ (ಬಾಗಿಲಿನ ಒಳಬದಿಯ ಹೊದಿಕೆ) ಹಿಂದೆ ಒಂದು ಪ್ಲಾಸ್ಟಿಕ್ ಅಥವಾ ಫೋಮ್ ಹಾಳೆಯನ್ನು ಕಪ್ಪು ಗೋಂದಿನಿಂದ ಅಂಟಿಸಿರುತ್ತಾರೆ. ಮೋಟರ್ ಅಥವಾ ಸ್ಪೀಕರ್ ಕೆಲಸ ಮಾಡುವಾಗ ಆ ಹಾಳೆ ಕಿತ್ತು, ಮತ್ತೆ ಸುಮ್ನೆ ಒತ್ತಿಬಿಡುತ್ತಾರೆ. ನನ್ನ ಬಾಗಿಲಿನಲ್ಲಿ ಕೆಳಗಿನ ಮೂಲೆಯ ಒಂದು ಅಂಗೈಯಷ್ಟು ಗೋಂದು ಬಿಟ್ಟಿತ್ತು. ಪ್ಯಾಡ್ ಬಿಚ್ಚಿ, ಹೊರಗಿನಿಂದ ಗಾಜಿನ ಮೇಲೆ ನೀರು ಬಿಡಿಸಿ, ಟಾರ್ಚ್ ಹಿಡಿದು ಕೂತೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಹಾಳೆಯ ಅಂಚಿನಲ್ಲಿ ಒಂದು ಹನಿ ದಪ್ಪವಾಯಿತು, ಜಾರಿತು, ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಸಂದಿಗೆ ಇಳಿದು ಮಾಯವಾಯಿತು. ಅದರ ಹಿಂದೆ ಇನ್ನೊಂದು. ಮೂರು ತಿಂಗಳ ಉತ್ತರ ಅಷ್ಟೇ ಇತ್ತು.

ರಿಪೇರಿಗೆ ಬ್ಯೂಟೈಲ್ ಟೇಪ್, ಅಂದರೆ ನೀರು ಬಿಡದ ಅಂಟು ರಬ್ಬರ್ ಪಟ್ಟಿ ಬೇಕು. ಹಳೆಯ ಗೋಂದು ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಟೇಪ್ ಸುತ್ತಲೂ ಕಡಿಯದ ಹಾಗೆ ಹಾಕಿ, ಹಾಳೆ ಒತ್ತಿ. ಹುಳಿ ವಾಸನೆಯ ಸಿಲಿಕೋನ್ ಬಳಸಬೇಡಿ. ಒಣಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ಬಾಗಿಲಿನ ತಳದ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ.

ಯಾವ ದಾರಿ ಎಂದು ಗೊತ್ತೇ ಆಗದಿದ್ದರೆ ಪೈಪ್ ಪರೀಕ್ಷೆ ಮಾಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಮಳೆಯಷ್ಟೇ ಮೆಲ್ಲಗೆ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಐದು ನಿಮಿಷ ಕೊಟ್ಟು, ನಿಧಾನವಾಗಿ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವ ಸಂದಿ ಸೋರಿತು ಎಂದು ಹೇಳಲಾಗುವುದಿಲ್ಲ. ಪ್ರೆಷರ್ ವಾಷರ್ ಬೇಡ, ಅದು ಒಳ್ಳೆಯ ರಬ್ಬರನ್ನೂ ದಾಟಿ ಸುಳ್ಳು ಹೇಳುತ್ತದೆ. ಹನಿ ಬಿದ್ದ ಜಾಗವೇ ತೂತಿರುವ ಜಾಗ ಎಂದುಕೊಳ್ಳಬೇಡಿ. ನೀರು ವೈರಿನ ಗುಂಟ, ಲೋಹದ ಮಡಿಕೆಯ ಗುಂಟ ಮೀಟರ್ ದೂರ ಹರಿದು ಬಂದಿರಬಹುದು. ಒದ್ದೆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ಒಣಗಿಸುವುದು

ಸೋರುವುದು ನಿಂತ ಮೇಲೆ ಒಣಗಿಸಿ, ಅದಕ್ಕೂ ಮುಂಚೆ ಒಣಗಿಸಿದರೆ ಶ್ರಮ ದಂಡ. ವೆಟ್ ವ್ಯಾಕ್ಯೂಮ್‌ನಿಂದ (ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್) ಎಷ್ಟು ಬರುತ್ತದೋ ಅಷ್ಟು ನೀರು ಎಳೆಯಿರಿ. ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ ಅಂಚು ಎತ್ತಿ, ಕೆಳಗೆ ಖಾಲಿ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ, ಆ ಸಂದಿಗೆ ಫ್ಯಾನ್ ಹಿಡಿಸಿ. ಬಿಸಿಲಿದ್ದರೆ ಬಾಗಿಲು ತೆರೆದಿಡಿ. ದಪ್ಪ ಫೋಮ್ ಒಣಗಲು ದಿನಗಟ್ಟಲೆ ಬೇಕು. ದಿನಾ ಟಿಶ್ಯೂ ಒತ್ತಿ ನೋಡಿ, ಅದು ಒಣಗಿ ಬರುವವರೆಗೆ ಮುಚ್ಚಬೇಡಿ.

ಸೀಟು ಬಿಚ್ಚುವ ಯೋಚನೆ ಇದ್ದರೆ ಒಂದು ನಿಮಿಷ. ಸೀಟಿನ ಕೆಳಗೆ ಕಾಣುವ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗ್‌ನದ್ದು. ಬ್ಯಾಟರಿ ಬಿಚ್ಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಅದನ್ನು ಮುಟ್ಟಬೇಡಿ. ಕೆಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಕಾರ್ಪೆಟ್ ಕೆಳಗೇ ಇರುತ್ತವೆ, ನೀರು ಅಲ್ಲಿಗೆ ಮುಟ್ಟಿದ್ದರೆ ಪರಿಣತರಿಗೆ ತೋರಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಒಣಗಿಸಲು ಹೋಗಬೇಡಿ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ತೇವ ಹೀರುವ ಚೀಲಗಳ ಬಗ್ಗೆ ನನಗೆ ಅಷ್ಟೇನೂ ಗೌರವ ಇಲ್ಲ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿಯುತ್ತದೆ. ಅರ್ಧ ಕಿಲೋ ಚೀಲ ಅಂದರೆ 150 ಗ್ರಾಂ ಚಿಲ್ಲರೆ, ಆಮೇಲೆ ಅದನ್ನು ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಫೋಮ್‌ನಲ್ಲಿ ಲೀಟರ್ ನೀರಿರುವಾಗ ಇದು ಎಲ್ಲಿಗೆ ಸಾಕಾಗುತ್ತದೆ? ಸೋರಿಕೆ ಸರಿಯಾದ ಮೇಲೆ ಉಳಿದ ಚೂರು ತೇವಕ್ಕೆ ಪರವಾಗಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಜಾಸ್ತಿ ಹೀರುತ್ತದೆ ನಿಜ, ಆದರೆ ಕರಗಿ ಉಪ್ಪುನೀರಾಗುತ್ತದೆ. ಕಾರು ತಿರುಗುವಾಗ ಅದು ಮಗುಚಿದರೆ ಕಾರ್ಪೆಟ್ ಹಾಳು, ಕೆಳಗಿನ ಲೋಹಕ್ಕೆ ತುಕ್ಕು.

ಕೊನೆಗೆ ಗಾಜು

ಗಾಜು ಕೊಳೆಯಾಗಿದ್ದಷ್ಟೂ ಹನಿ ಕೂರುವುದು ಸುಲಭ. ಡ್ಯಾಶ್‌ಬೋರ್ಡ್ ಬಿಸಿಲಿಗೆ ಕಾದು ಬಿಡುವ ಆವಿ, ಸಿಗರೇಟ್ ಹೊಗೆ, ಕೈ ತಾಗಿದ ಜಿಡ್ಡು ಎಲ್ಲ ಸೇರಿ ಒಳಮೈಯಲ್ಲಿ ಒಂದು ಪೊರೆ ಕಟ್ಟಿರುತ್ತದೆ. ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒಮ್ಮೆ, ಗಾಜಿನ ಕ್ಲೀನರ್ ಹಾಕಿ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡ. ಹಿಂದಿನ ಗಾಜಿನ ಡಿಫಾಗರ್ ಗೆರೆಗಳ ಮೇಲೆ ಅಡ್ಡಡ್ಡ ಉಜ್ಜದೆ ಗೆರೆಯ ಗುಂಟವೇ ಒರೆಸಿ. ಆ ಗೆರೆಯಲ್ಲಿ ಒಂದು ಕಡೆ ಗೀರಿ ಕಡಿದರೆ ಆ ಸಾಲು ಪೂರ್ತಿ ಕೆಲಸ ಬಿಡುತ್ತದೆ. ಡಿಫಾಗರ್ ಹಾಕಿದಾಗ ಯಾವ ಸಾಲಿನ ಸುತ್ತ ಮಂಜು ಹಾಗೇ ಉಳಿಯುತ್ತದೋ ಅದು ಕಡಿದಿದೆ. ವಿದ್ಯುತ್ ಹರಿಯುವ ಬೆಳ್ಳಿ ಬಣ್ಣ ಸಿಗುತ್ತದೆ, ಕಡಿದ ಜಾಗಕ್ಕೆ ಹಚ್ಚಿದರೆ ಸಾಲು ಮತ್ತೆ ಬಿಸಿಯಾಗುತ್ತದೆ.

ಶೇವಿಂಗ್ ಫೋಮ್ ಸವರಿ ಒರೆಸುವ ಉಪಾಯ ನೀವೂ ಕೇಳಿರಬಹುದು. ಅದು ಕೆಲಸ ಮಾಡುತ್ತದೆ. ಸೋಪಿನ ಅಂಶ ಗಾಜಿನ ಮೇಲೆ ತೆಳ್ಳಗೆ ಉಳಿದು, ನೀರು ಹನಿಯಾಗದೆ ಹಾಳೆಯ ಹಾಗೆ ಹರಡುತ್ತದೆ, ಹಾಗಾಗಿ ಗಾಜಿನಾಚೆ ಕಾಣುತ್ತದೆ. ಆದರೆ ನೀರು ಮಾತ್ರ ಕಾರಿನಲ್ಲೇ ಇರುತ್ತದೆ. ರಾತ್ರಿ ಎದುರಿನ ಗಾಡಿಯ ಲೈಟಿಗೆ ಆ ಪದರ ಹೊಳೆಯುತ್ತದೆ ಕೂಡ. ಪಕ್ಕದ ಕಿಟಕಿಗಳಿಗೆ ಸರಿ, ಮುಂದಿನ ಗಾಜಿಗೆ ನಾನಂತೂ ಹಚ್ಚುವುದಿಲ್ಲ.

ಎಲ್ಲ ಆಯಿತು ಎಂದು ಡೋರ್ ಪ್ಯಾಡ್, ಪಟ್ಟಿ, ಸೀಟು ಕೂರಿಸುವ ಮುಂಚೆ ಅದೇ ಜಾಗಕ್ಕೆ ಇನ್ನೊಮ್ಮೆ ಹತ್ತು ನಿಮಿಷ ನೀರು ಬಿಡಿ. ಬೆರಳಿಂದ ಮುಟ್ಟಿ ನೋಡಿ. ಒಣಗಿದ್ದರೆ ಒಂದು ವಾರ ಕಾರ್ಪೆಟ್ ಕೆಳಗೆ ಒಂದು ಹಾಳೆ ದಿನಪತ್ರಿಕೆ ಇಟ್ಟು ಓಡಾಡಿ. ಒದ್ದೆಯಾದ ಪತ್ರಿಕೆ ಒಣಗಿದ ಮೇಲೂ ಸುಕ್ಕು ಬಿಡುವುದಿಲ್ಲ. ನೀವು ನೋಡದಿದ್ದಾಗ ನೀರು ಬಂದು ಹೋಗಿದ್ದರೂ ಅದು ಹೇಳಿಬಿಡುತ್ತದೆ.